ಒಂದೇ ಸಲಕ್ಕೆ ಬಂದ ಚಿತ್ರ

ಕಳೆದ ಶನಿವಾರ ಸಂಜೆ ಇಲ್ಲಿ ಕುವೈತಿನ ಎಗೈಲಾದಲ್ಲಿರುವ ಮಗಳ ಮನೆಯಲ್ಲಿ ಬೀನ್ಸ್ ನಾರು ತೆಗೆಯುತ್ತಾ ಕೂತಿದ್ದೆ. ನಾರು ತೆಗೆಯುವುದು ನನಗೆ ಕೊಟ್ಟ ಕೆಲಸ. ಫೋನನ್ನು ಉಪ್ಪಿನ ಡಬ್ಬಿಗೆ ಒರಗಿಸಿ ಫುಟ್‌ಬಾಲ್ ನೋಡುವುದು ಅವಳೇ ತೆಗೆದುಕೊಂಡ ಕೆಲಸ. ರಮ್ಜಾನ್ ತಿಂಗಳು. ಇಫ್ತಾರ್ ಮುಗಿದು ಕೆಳಗಿನ ರಸ್ತೆ ಆಗಷ್ಟೇ ಮತ್ತೆ ತುಂಬುತ್ತಿತ್ತು.

"ಯಾವ ಮ್ಯಾಚ್ ಅಕ್ಕೂ?"

"ಫೈನಲ್ ಅಪ್ಪಾ. ವಿಮೆನ್ಸ್. ಯುರೋಪ್ ಕ್ಲಬ್ಸ್."

ಇಣುಕಿದೆ. ಅಂಗೈಯಗಲದ ಹಸಿರು. ಅದರಲ್ಲಿ ಅಕ್ಕಿಕಾಳಿನಷ್ಟು ಹೆಂಗಸರು ಓಡುತ್ತಿದ್ದಾರೆ. ಫ್ರಾನ್ಸಿನವರು ಅರ್ಧ ಗಂಟೆಯಲ್ಲೇ ನಾಲ್ಕು ಗೋಲು ಹೊಡೆದು ಆಟವನ್ನು ಖಲಾಸ್ ಮಾಡಿದ್ದರು. ಚಿತ್ರ ಎಷ್ಟು ಸ್ವಚ್ಛ! ಡಿಶ್ ಇಲ್ಲ, ಕೇಬಲ್ ಇಲ್ಲ, ಟೆರೇಸ್ ಹತ್ತುವವರಿಲ್ಲ, ಕೂಗುವವರಿಲ್ಲ.

ನನಗೆ ಹುಮ್ಮಸ್ಸು ಬಂತು. (ಅಂಕಣಕಾರರಿಗೆ ಹುಮ್ಮಸ್ಸು ಬಂದರೆ ಪಕ್ಕದಲ್ಲಿದ್ದವರು ಹುಷಾರಾಗಿರಬೇಕು.) "ನೆನಪಿದೆಯಾ, ನಮ್ಮ ಧೂಳಿನ ಫೈನಲ್?" ಅಂದೆ.

ಅವಳು ಫೋನಿನಿಂದ ಕಣ್ಣು ತೆಗೆಯಲಿಲ್ಲ.

"ಅವತ್ತು ಧೂಳು ಎಲ್ಲಿತ್ತು ಅಪ್ಪಾ?"

ಹಳೆಯ ಓದುಗರಿಗೆ ನೆನಪಿರಬಹುದು. ನಾಲ್ಕೈದು ವರ್ಷದ ಹಿಂದೆ ಇದೇ ಜಾಗದಲ್ಲಿ, ಧೂಳು ನುಂಗಿಹಾಕಿದ ಒಂದು ಫೈನಲ್ ಬಗ್ಗೆ ನಾನು ಬರೆದಿದ್ದೆ. ಅಬು ಹಲೀಫಾದ ನಮ್ಮ ಹಳೆಯ ಕಟ್ಟಡ. ಹದಿಮೂರು ವರ್ಷದ ಮಗಳಿಗೆ ಯುರೋಪಿನ ಮಹಿಳೆಯರ ಫುಟ್‌ಬಾಲ್ ಹುಚ್ಚು. ಅವಳಿಗಾಗಿ ಜೂನ್ ಬಿಸಿಲಲ್ಲಿ ಟೆರೇಸ್ ಹತ್ತಿ, ಎಂಟು ಅಡಿಯ ಡಿಶ್ಶನ್ನು ಪೂರ್ವದಿಂದ ಪಶ್ಚಿಮಕ್ಕೆ ತಿರುಗಿಸಲು ಒದ್ದಾಡುವ ಅಪ್ಪ. ಅಷ್ಟರಲ್ಲಿ ಎದ್ದ ಧೂಳು. ಸಿಗದ ಸಿಗ್ನಲ್. ಮಣ್ಣು ಮೆತ್ತಿದ ಅಂಗಿಯಲ್ಲಿ ಸೋತು ಇಳಿದು ಬಂದ ಅಪ್ಪನಿಗೆ "ಇಟ್ಸ್ ಓಕೆ ಅಪ್ಪಾ" ಅಂದ ಮಗಳು.

ಎಷ್ಟು ಜನ ಮೆಚ್ಚಿ ಬರೆದಿರಿ! ಒಬ್ಬರು "ಕಣ್ಣು ತುಂಬಿ ಬಂತು" ಅಂದಿರಿ. ಇನ್ನೊಬ್ಬರು ಮಹಬೂಲಾದಿಂದ ಫೋನ್ ಮಾಡಿ "ಎಲ್ಲ ಅಪ್ಪಂದಿರ ಕಥೆ ಸಾರ್ ಇದು" ಅಂದಿರಿ.

ಕಣ್ಣು ತುಂಬಿಕೊಂಡವರು ದಯವಿಟ್ಟು ಕ್ಷಮಿಸಿ. ಅವತ್ತು ಧೂಳು ಇರಲಿಲ್ಲ.

ಈಗ ಸರಿಯಾಗಿ ಬರೆಯಲು ನೋಡುತ್ತೇನೆ. ಸರಿಯಾಗಿ ಅನ್ನುವ ಮಾತಿನ ಮೇಲೂ ನನಗೆ ಪೂರ್ತಿ ನಂಬಿಕೆಯಿಲ್ಲ. ಹತ್ತು ಪಾರ್ಟಿಯಲ್ಲಿ ಹೇಳಿ ನುಣುಪಾದ ಕಥೆಯದು. ಅದರ ಅಡಿಯಲ್ಲಿ ಇದ್ದದ್ದು ಯಾವುದು, ನಾನು ಆಮೇಲೆ ಹಚ್ಚಿದ್ದು ಯಾವುದು ಅಂತ ಹುಡುಕಲು ಕೂತರೆ ಉಗುರಿಗೆ ಪಾಲಿಶ್ ಮಾತ್ರ ಸಿಗುತ್ತದೆ.

ಆದರೂ ಡಿಶ್ ಇದ್ದದ್ದು ನಿಜ.

ನಮ್ಮ ಕಟ್ಟಡದಲ್ಲಿ ಆರು ಕನ್ನಡದ ಮನೆ. ಆರೂ ಮನೆಗೆ ಸೇರಿ ಟೆರೇಸಿನಲ್ಲಿ ಒಂದೇ ಡಿಶ್. ಅದರ ಮುಖ ಸದಾ ಪೂರ್ವಕ್ಕೆ, ಊರಿನ ಚಾನೆಲ್ಲುಗಳ ಕಡೆಗೆ. ಗಾಳಿಗೆ ಒಂದು ಬೆರಳಷ್ಟು ಅಲುಗಿದರೂ ಆರು ಮನೆಯ ಟಿವಿಯೂ ಬರೀ ಚುಕ್ಕೆ. ಆಗ ಮತ್ತೆ ಕೂರಿಸಬೇಕು. ಅದು ಇಬ್ಬರ ಕೆಲಸ. ಒಬ್ಬ ಟೆರೇಸಿನಲ್ಲಿ ಸ್ಪ್ಯಾನರ್ ಹಿಡಿದು ಡಿಶ್ಶನ್ನು ಕೂದಲೆಳೆಯಷ್ಟು ಸರಿಸುತ್ತಾ "ಈಗ?" ಅಂತ ಕೂಗಬೇಕು. ಇನ್ನೊಬ್ಬರು ಕೆಳಗೆ ಟಿವಿ ಪರದೆಯ ಮೇಲಿನ ಸಿಗ್ನಲ್ ಪಟ್ಟಿ ನೋಡಿ, ಬಾಲ್ಕನಿಗೆ ಓಡಿ "ಇಲ್ಲ!" ಅಂತಲೋ "ಬಂತು, ಬಂತು, ಅಯ್ಯೋ ಹೋಯ್ತು!" ಅಂತಲೋ ಕೂಗಬೇಕು. ಅರ್ಧ ಗಂಟೆ. ಒಮ್ಮೊಮ್ಮೆ ಮುಕ್ಕಾಲು.

ಸ್ಪ್ಯಾನರ್ ನನ್ನದು. ನಾನು ಎಣ್ಣೆ ಕಂಪನಿಯೊಂದರ ಗುತ್ತಿಗೆಯಲ್ಲಿ ಇನ್‌ಸ್ಟ್ರುಮೆಂಟ್ ಟೆಕ್ನಿಶಿಯನ್. ಟೆರೇಸಿನ ಬೀಗದ ಕೈ ಎರಡನೇ ಮಹಡಿಯ ಪಾಟೀಲರದು. ಬೆಳಗಾವಿ ಕಡೆಯವರು, ವೆಲ್ಡಿಂಗ್ ಇನ್‌ಸ್ಪೆಕ್ಟರ್, ನಮ್ಮ ಕಟ್ಟಡಕ್ಕೆ ತಾವೇ ನೇಮಿಸಿಕೊಂಡ ಅಧ್ಯಕ್ಷರು. ಕೂಗುವುದು ನನ್ನ ಮಗಳು ಅಕ್ಷತಾಳದು. ಅಕ್ಕು. ಆರನೇ ವಯಸ್ಸಿನಿಂದ ಅದು ಅವಳ ಹುದ್ದೆ. ಮನೆಯಲ್ಲಿ ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದ ಹುಡುಗಿ ಬಾಲ್ಕನಿಯಲ್ಲಿ ಮಾತ್ರ ಅಪ್ಪಟ ಕನ್ನಡದಲ್ಲಿ ಕೂಗುತ್ತಿದ್ದಳು.

ಫುಟ್‌ಬಾಲ್ ಬಂದದ್ದೂ ಆ ಡಿಶ್ಶಿನಿಂದಲೇ.

ನವೆಂಬರಿನ ಒಂದು ಮಳೆಗಾಳಿಗೆ ಡಿಶ್ ಪೂರ್ತಿ ಪಶ್ಚಿಮಕ್ಕೆ ಹೊರಳಿತ್ತು. ನಾನು ಮೇಲೆ ಒದ್ದಾಡುತ್ತಾ "ಈಗ?" ಅಂದೆ. ಕೆಳಗಿನಿಂದ "ಬಂತು!" ಅಂತ ಕೂಗು. ಇಷ್ಟು ಬೇಗವಾ ಅಂತ ಇಳಿದು ಬಂದು ನೋಡಿದರೆ ಜರ್ಮನ್ ಚಾನೆಲ್. ಕೆಸರಲ್ಲಿ ಹೆಂಗಸರು ಫುಟ್‌ಬಾಲ್ ಆಡುತ್ತಿದ್ದಾರೆ. ಅಕ್ಕು ಟಿವಿಗೆ ಮೂಗು ತಾಗುವಷ್ಟು ಹತ್ತಿರ ನಿಂತಿದ್ದಾಳೆ.

"ಇದಲ್ಲವೇ ನಮ್ಮ ಚಾನೆಲ್!"

"ಇದೇ ಇರಲಿ ಅಪ್ಪಾ. ಫೈವ್ ಮಿನಿಟ್ಸ್. ಪ್ಲೀಸ್."

ಐದು ನಿಮಿಷ ಇರಿಸಿದೆ. ಅಷ್ಟರಲ್ಲಿ ಮೆಟ್ಟಿಲಲ್ಲಿ ಪಾಟೀಲರ ದನಿ: "ಏನ್ರೀ, ಸೀರಿಯಲ್ ಎಲ್ಲಿ ಹೋತು? ನಿಮ್ಮ ವೈನಿ ನನ್ನ ಮನಿ ಹೊರಗ ಹಾಕ್ತಾಳ!"

ಆ ಐದು ನಿಮಿಷ ಒಂದು ಇಡೀ ಸೀಸನ್ ಆಯಿತು. ಆ ಟೂರ್ನಿ ಶುರುವಾಗಿಯೇ ಆಗ ಎರಡು ಮೂರು ವರ್ಷ. ಪೇಪರಿನಲ್ಲಿ ಒಂದು ಸಾಲೂ ಬರುತ್ತಿರಲಿಲ್ಲ. ಅಕ್ಕು ಡಯಲ್-ಅಪ್ ಇಂಟರ್‌ನೆಟ್ ಕುಂಯ್‌ಗುಟ್ಟುವುದನ್ನು ಕಾದು ಕೂತು ಫಲಿತಾಂಶ ಹುಡುಕುತ್ತಿದ್ದಳು. ಸೂಪರ್‌ಮಾರ್ಕೆಟ್ಟಿನ ಗೋಡೆ ಕ್ಯಾಲೆಂಡರಿನ ಹಿಂಬದಿಯಲ್ಲಿ ಪಟ್ಟಿ: ಗುಂಪುಗಳು, ಕ್ವಾರ್ಟರ್, ಸೆಮಿ, ಬಾಣದ ಗುರುತು, ಸೋತವರಿಗೆ ಕೆಂಪು ಗೀಟು. ನಾನು ಕೇಳರಿಯದ ಊರುಗಳ ಹೆಸರುಗಳು ಅವಳ ಬಾಯಲ್ಲಿ ಪಕ್ಕದ ಫಹಾಹೀಲ್ ಥರ ಉರುಳುತ್ತಿದ್ದವು. ಚಳಿಗಾಲದಲ್ಲಿ ಜರ್ಮನಿಗೂ ನಮಗೂ ಎರಡು ಗಂಟೆ ವ್ಯತ್ಯಾಸ, ಬೇಸಿಗೆಯಲ್ಲಿ ಒಂದೇ ಗಂಟೆ ಅಂತ ನನಗೆ ಹೇಳಿಕೊಟ್ಟವಳೂ ಅವಳೇ.

ಆ ಕೆಸರಿನ ಜರ್ಮನ್ ತಂಡ ಫೈನಲ್ ತಲುಪಿತು. ಎದುರಿಗೆ ಸ್ವೀಡನ್ನಿನವರು. ಆಗ ಫೈನಲ್ ಅಂದರೆ ಎರಡು ಪಂದ್ಯ, ಅವರ ಊರಿನಲ್ಲೊಂದು, ಇವರ ಊರಿನಲ್ಲೊಂದು. ಎರಡರ ಗೋಲೂ ಕೂಡಿಸಿ ಲೆಕ್ಕ. ಮೊದಲನೆಯದನ್ನು ಸ್ವೀಡನ್ನಿನವರು ಮೂರು-ಸೊನ್ನೆಯಿಂದ ಗೆದ್ದರು.

"ಮುಗೀತಲ್ಲ" ಅಂದೆ.

"ನಾಲ್ಕು ಹೊಡೆದರೆ ಆಯ್ತು" ಅಂದಳು. ಕನ್ನಡದಲ್ಲಿ. ಅಂದರೆ ಸೀರಿಯಸ್.

ಎರಡನೆಯದು ಶನಿವಾರ. ಆಗ ಕುವೈತಿನಲ್ಲಿ ವಾರದ ರಜೆ ಗುರುವಾರ, ಶುಕ್ರವಾರ. ಶನಿವಾರ ಅಂದರೆ ನಮ್ಮ ಸೋಮವಾರ. ಪಂದ್ಯ ಇಲ್ಲಿನ ಸಂಜೆ ಐದಕ್ಕೆ, ಅಂದರೆ ಊರಿನ ಏಳೂವರೆಗೆ. ಊರಿನ ಏಳೂವರೆಗೆ ಏನಿರುತ್ತದೆ? ಆರೂ ಮನೆಯ ಹೆಂಗಸರು (ಮತ್ತು ನಾವು ನೋಡುವುದೇ ಇಲ್ಲ ಅನ್ನುವ ಗಂಡಸರು) ಉಸಿರು ಬಿಗಿಹಿಡಿದು ನೋಡುತ್ತಿದ್ದ ಸೀರಿಯಲ್ಲು.

ಡಿಶ್ ತಿರುಗಿಸಬೇಕೆಂದರೆ ಆರೂ ಮನೆ ಒಪ್ಪಬೇಕು ಅನ್ನುವುದು ಕಟ್ಟಡದ ಕಾನೂನು. ಅಕ್ಕು ನೋಟ್‌ಬುಕ್ಕಿನ ಹಾಳೆ ಹರಿದು, ಮೇಲೆ ಇಂಗ್ಲಿಷಿನಲ್ಲಿ ಅರ್ಜಿ ಬರೆದು, ಕೆಳಗೆ ಆರು ಗೆರೆ ಎಳೆದು, ಮನೆಮನೆಗೆ ಹೊರಟಳು. ನಾನು ಕುತೂಹಲಕ್ಕೆ ಹಿಂದೆ ಹೋದೆ.

ಎದುರುಮನೆಯ ಸ್ಟೆಲ್ಲಾ ನರ್ಸ್. ಮಂಗಳೂರಿನವರು, ಮನೆಯಲ್ಲಿ ಕೊಂಕಣಿ, ನಮ್ಮ ಹತ್ತಿರ ಕನ್ನಡ. ಅರ್ಜಿ ಓದಿ ಗಹಗಹಿಸಿ ನಕ್ಕರು.

"ಒಂದು ದಿನ ಸೀರಿಯಲ್ ನೋಡದಿದ್ರೆ ಎಂಥ ಆಗ್ತದೆ? ಅವಳು ಇವತ್ತೂ ಅಳ್ತಾಳೆ, ನಾಳೆಯೂ ಅಳ್ತಾಳೆ. ಕೊಡು ಇಲ್ಲಿ ಪೆನ್ನು. ಗೆಲ್ಲುದು ಯಾರು ಮಾರಾಯ್ತಿ?"

"ನಾವು" ಅಂದಳು ಅಕ್ಕು. ನಾವು! ಜರ್ಮನಿ ಯಾವಾಗ ನಾವಾಯಿತೋ.

ಪಾಟೀಲರು ಕನ್ನಡಕ ಹಾಕಿಕೊಂಡು ಮೂರು ಸಲ ಓದಿದರು. "ಗಂಡಸರ ವರ್ಲ್ಡ್ ಕಪ್ ಆಗಿದ್ರ ನಾನ ಮೊದ್ಲು ತಿರಗಸ್ತಿದ್ದೆ ತಂಗಿ. ಇದು ಹೆಣ್ಮಕ್ಕಳು ಆಡೋದು. ಇದನ್ನ ಯಾರರ ನೋಡ್ತಾರೇನು?"

"ಐ ವಿಲ್, ಅಂಕಲ್."

"ಹೌದಲಾ, ನೀ ಒಬ್ಬಾಕಿ ಇದ್ದೀ." ಸಹಿ ಹಾಕಿದರು. ಬೀಗದ ಕೈಯನ್ನೂ ಕೊಟ್ಟರು. ಅವಳು ಕೆಳಗಿಳಿಯುವುದನ್ನು ನೋಡಿಕೊಂಡು ನನ್ನ ಕಡೆ ಬಗ್ಗಿ, ದನಿ ಇಳಿಸಿ ಅಂದರು: "ಸಾಲ್ಯಾಗ ಫುಟ್‌ಬಾಲ್ ಟೀಮಿಗೆ ಹಾಕ್ತೀರಂತ? ಈ ಬಿಸಲಾಗ? ಹುಡಿಗಿ ಸುಟ್ಟು ಕರ್ರಗ ಆಕ್ಕಾಳ್ರೀ. ನಾಳೆ ಮತ್ತ ನಮಗೇ ತ್ರಾಸು."

ನಾನು ಏನಂದೆ? ಹಳೆಯ ಅಂಕಣದಲ್ಲಿ ಈ ಮಾತೇ ಇರಲಿಲ್ಲ. ಆದ್ದರಿಂದ ನಾನು ಏನಂದೆ ಅಂತ ಕಟ್ಟಿಕೊಳ್ಳುವ ಅಗತ್ಯವೂ ಬಿದ್ದಿರಲಿಲ್ಲ. ಬಹುಶಃ ನಕ್ಕಿದ್ದೆ.

ಆರನೆಯ ಸಹಿ ನನ್ನದೇ. ಮೆಟ್ಟಿಲ ಮೇಲೇ ಹಾಕಿದೆ. ಗಲ್ಫಿನ ಅಪ್ಪಂದಿರಿಗೆ ಸಹಿ ಅಂದರೆ ಏನು? ವಾಸದ ಪರವಾನಗಿ ಇಕಾಮಾಗೆ, ಗೇಟ್ ಪಾಸಿಗೆ, ಕೆಲಸಕ್ಕೆ ಕರೆಸಿಕೊಂಡ ಕಫೀಲ್ ಮುಂದಿಟ್ಟ ಅರಬ್ಬಿ ಕಾಗದಕ್ಕೆ, ಓದದೆ ಹಾಕಿಯೇ ಕೈ ಪಳಗಿರುತ್ತದೆ. ಆದರೆ ಇನ್ನೊಂದು ಕಾಗದ ಫ್ರಿಜ್ಜಿನ ಬಾಗಿಲ ಮೇಲೆ ಮ್ಯಾಗ್ನೆಟ್ ಕೆಳಗೆ ಎರಡು ವಾರದಿಂದ ನೇತಾಡುತ್ತಿತ್ತು. ಶಾಲೆಯ ಹುಡುಗಿಯರ ಫುಟ್‌ಬಾಲ್ ತಂಡಕ್ಕೆ ಸೇರಲು ಪೋಷಕರ ಒಪ್ಪಿಗೆ ಪತ್ರ. ಅದಕ್ಕೆ ಮಾತ್ರ ನಾನು "ನೋಡೋಣ" ಅಂದಿದ್ದೆ. ಭಾನುವಾರ ಕೊನೆಯ ದಿನ.

ಅಪ್ಪಂದಿರ ನೋಡೋಣ ಅಂದರೆ ಏನು ಅಂತ ಯಾವ ಮಗುವಿಗೆ ಗೊತ್ತಿಲ್ಲ?

ಶನಿವಾರ ಡ್ಯೂಟಿ ಮುಗಿಸಿ ನಾಲ್ಕಕ್ಕೆ ಮನೆಗೆ ಬಂದೆ. ಅಕ್ಕು ಟಿವಿ ಮುಂದೆ ಚಾಪೆ ಹಾಸಿ, ಕ್ಯಾಲೆಂಡರ್ ಹರಡಿಕೊಂಡು ಸಿದ್ಧವಾಗಿದ್ದಳು. ನೀಲಿ ಪೆನ್ನು ಗೋಲಿಗೆ, ಕೆಂಪು ಪೆನ್ನು ಯಾತಕ್ಕೋ. ಹೆಂಡತಿ ಸರೋಜ ಅವಲಕ್ಕಿ ಹಚ್ಚಿದ್ದಳು. ನಾನು ಸ್ಪ್ಯಾನರ್, ದಿಕ್ಸೂಚಿ, ನೀರಿನ ಬಾಟಲಿ ಹಿಡಿದು ಮೇಲೆ ಹೋದೆ.

ಇಲ್ಲಿಂದ ಮುಂದಿನದನ್ನು ನಾನು ಎಂದೂ ಬರೆದಿಲ್ಲ. ಯಾರಿಗೂ ಹೇಳಿಲ್ಲ. ನನಗೆ ನಾನೂ ಹೇಳಿಕೊಂಡಿಲ್ಲ.

ಟೆರೇಸಿನ ಸಿಮೆಂಟು ಚಪ್ಪಲಿಯೊಳಗಿಂದ ಸುಡುತ್ತಿತ್ತು. ಎರಡು ಕಟ್ಟಡಗಳ ಸಂದಿಯಲ್ಲಿ ಸಮುದ್ರದ ಒಂದು ಚೂರು. ಬೋಲ್ಟಿಗೆ ಸ್ಪ್ಯಾನರ್ ಹಚ್ಚಿದೆ. ತಿರುಗಿಸಲಿಲ್ಲ.

ಯಾಕೆ?

ಬಿಸಿಲಿಗೆ ಅನ್ನಬಹುದು. ಪಾಟೀಲರ ಮಾತಿಗೆ ಅನ್ನಬಹುದು. ಪಾಟೀಲರ ಮೇಲೆ ಹಾಕುವುದು ಬಹಳ ಸುಲಭ, ಅವರು ಈಗ ಇಲ್ಲಿಲ್ಲ, ಈ ಪೇಪರನ್ನೂ ಓದುವುದಿಲ್ಲ. ಆದರೆ ಆ ಮಾತು ನನ್ನೊಳಗೆ ಆಗಲೇ ಇದ್ದದ್ದಕ್ಕೇ ಅಲ್ಲವೇ ನಾನು ನಕ್ಕದ್ದು? ಇವಳು ಈ ಪಂದ್ಯ ನೋಡುತ್ತಾಳೆ. ಅವರು ಗೆದ್ದರೆ ಹುಚ್ಚು ಹೆಚ್ಚುತ್ತದೆ. ಸೋತರೂ ಹೆಚ್ಚುತ್ತದೆ. ನಾಳೆ ಆ ಫಾರ್ಮ್ ಹಿಡಿದು ಎದುರಿಗೆ ನಿಲ್ಲುತ್ತಾಳೆ. ಇದು ಇವತ್ತಿಗೇ, ಇಲ್ಲಿಗೇ, ತನ್ನಷ್ಟಕ್ಕೆ ಆರಿಹೋಗಲಿ. ಹೀಗೆ ಯೋಚಿಸಿದೆನೋ, ಅಥವಾ ಹೀಗೆ ಯೋಚಿಸಿರಬೇಕು ಅಂತ ಈಗ ಯೋಚಿಸುತ್ತಿದ್ದೇನೆಯೋ. ಕೈ ಏನು ಮಾಡಿತು ಅನ್ನುವುದು ಮಾತ್ರ ಗಟ್ಟಿ.

ಕೈ ಡಿಶ್ಶಿನ ಮೂತಿಯಲ್ಲಿದ್ದ ಕೇಬಲ್ ಬಿಚ್ಚಿತು. ಅಷ್ಟೇ. ಡಿಶ್ ಇದ್ದಲ್ಲೇ ಇತ್ತು. ಕೆಳಗೆ ಆರು ಮನೆಯ ಟಿವಿಯೂ ಚುಕ್ಕೆಯಾಯಿತು.

ನೀರಿನ ಟ್ಯಾಂಕಿನ ನೆರಳಲ್ಲಿ ಒಂದು ಸಿಮೆಂಟು ಇಟ್ಟಿಗೆಯ ಮೇಲೆ ಕೂತೆ.

"ಈಗ?" ಅಂತ ಕೂಗಿದೆ.

"ಇಲ್ಲ!"

ಸ್ವಲ್ಪ ಹೊತ್ತು ಬಿಟ್ಟು, "ಈಗ?"

"ಇಲ್ಲ ಅಪ್ಪಾ! ಇನ್ನೂ ಎಡಕ್ಕೆ ತಿರುಗ್ಸಿ!"

"ತಿರುಗಿಸ್ತಿದೀನಿ!"

"ಈಗಲೂ ಇಲ್ಲ! ಶುರು ಆಗೋಯ್ತು ಅಪ್ಪಾ!"

ಕೂತಲ್ಲೇ ಕೂತು ಇಪ್ಪತ್ತು ಇಪ್ಪತ್ತೈದು ನಿಮಿಷ ಈ ನಾಟಕ ಆಡಿದೆ. ಮೂರನೇ ಮಹಡಿಯ ಬಾಲ್ಕನಿಯಿಂದ ಬರುತ್ತಿದ್ದ ದನಿ ಪ್ರತಿ ಸಲವೂ ಅಷ್ಟೇ ಗಟ್ಟಿಯಾಗಿತ್ತು. ಒಂದು ಸಲವೂ ಸೋತಿರಲಿಲ್ಲ. ಆಮೇಲೆ ಎದ್ದು ಕೇಬಲ್ ಮತ್ತೆ ಸಿಕ್ಕಿಸಿದೆ. ಕೆಳಗಿನ ಬಾಲ್ಕನಿಗಳಿಂದ "ಬಂತು! ಬಂತು! ಸೀರಿಯಲ್ ಬಂತು!" ಅಂತ ಹೆಂಗಸರ ಸಂಭ್ರಮ. ಅಕ್ಕುವಿನ ದನಿ ಅದರಲ್ಲಿ ಇರಲಿಲ್ಲ.

ಇಳಿಯುವ ಮುಂಚೆ ನೆಲದ ಮಣ್ಣನ್ನು ಎರಡು ಕೈಯಲ್ಲೂ ಬಾಚಿ ಅಂಗಿಗೆ ಒರೆಸಿಕೊಂಡೆ. ಹೌದು. ನಲವತ್ತು ದಾಟಿದ ಮನುಷ್ಯ.

"ಧೂಳು ಅಕ್ಕೂ. ಸಿಗ್ನಲ್ಲೇ ಸಿಗಲಿಲ್ಲ."

ಅವಳು ನನ್ನ ಅಂಗಿ ನೋಡಿದಳು. ಟಿವಿ ನೋಡಿದಳು. ಟಿವಿಯಲ್ಲಿ ನಾಯಕಿ ಅಳುತ್ತಿದ್ದಳು, ಅಂದದ ಬಣ್ಣದಲ್ಲಿ, ಒಂದು ಚುಕ್ಕೆಯೂ ಇಲ್ಲದೆ. ಅಕ್ಕು ಕ್ಯಾಲೆಂಡರ್ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ "ಇಟ್ಸ್ ಓಕೆ ಅಪ್ಪಾ" ಅಂದಳು.

ಮರುದಿನ ಫ್ರಿಜ್ಜಿನ ಮೇಲಿನ ಫಾರ್ಮ್ ಇರಲಿಲ್ಲ. ಅವಳು ಮತ್ತೆ ಕೇಳಲೂ ಇಲ್ಲ. ಮರೆತಳು ಅಂದುಕೊಂಡೆ. ಮಕ್ಕಳು ಎಷ್ಟು ಬೇಗ ಮರೆಯುತ್ತಾರೆ ಅಂತ ಹಳೆಯ ಅಂಕಣದ ಕೊನೆಯಲ್ಲಿ ಒಂದು ಚೆಂದದ ಸಾಲೂ ಬರೆದಿದ್ದೆ. ಅದನ್ನೇ ನೀವು ಹೆಚ್ಚು ಮೆಚ್ಚಿದ್ದು.

ಈಗ ಕಳೆದ ಶನಿವಾರಕ್ಕೆ, ಬೀನ್ಸಿಗೆ, ವಾಪಸ್ ಬನ್ನಿ.

"ಧೂಳು ಇರಲಿಲ್ಲ ಅಂತ ನಿನಗೆ ಹೇಗೆ ಗೊತ್ತು?" ಅಂದೆ. ದನಿ ನನ್ನದೇ, ಆದರೆ ತೀರಾ ಸಣ್ಣದಾಗಿತ್ತು.

"ಸ್ಟೆಲ್ಲಾ ಆಂಟಿ ಬಟ್ಟೆ ಒಣಗಹಾಕಿದ್ರು. ಒಂದೂ ಅಲ್ಲಾಡ್ತಾ ಇರಲಿಲ್ಲ." ಅವಳು ಈರುಳ್ಳಿ ಹೆಚ್ಚುತ್ತಾ ಹೇಳಿದಳು. "ಆಮೇಲೆ, ಸೀರಿಯಲ್. ಪಿಕ್ಚರ್ ಒಂದೇ ಸಲಕ್ಕೆ ಬಂತು ಅಪ್ಪಾ. ಅದು ಎಂದಾದ್ರೂ ಒಂದೇ ಸಲಕ್ಕೆ ಬಂದಿದ್ಯಾ?"

ಇಲ್ಲ. ಎಂದೂ ಬಂದಿಲ್ಲ. ಒಮ್ಮೆ ತಿರುಗಿದ ಡಿಶ್ ಮತ್ತೆ ಪೂರ್ವಕ್ಕೆ ಕೂರಬೇಕಾದರೆ ಅರ್ಧ ಗಂಟೆ ಕೂಗಾಟ ಬೇಕು. ಏಳು ವರ್ಷ ಆ ಕೂಗಾಟ ಮಾಡಿದ ಹುಡುಗಿಗೆ, ಆ ಪಟ್ಟಿ ಹೇಗೆ ಒಂದೊಂದೇ ಗೆರೆ ಏರುತ್ತದೆ ಅಂತ ಕಣ್ಣುಮುಚ್ಚಿ ಹೇಳಬಲ್ಲ ಹುಡುಗಿಗೆ, ಡಿಶ್ ತಿರುಗಿಯೇ ಇಲ್ಲ ಅಂತ ತಿಳಿಯಲು ಎಷ್ಟು ಕ್ಷಣ ಬೇಕು? ನಾನು ಅಂಗಿಗೆ ಮಣ್ಣು ಒರೆಸಿಕೊಳ್ಳುತ್ತಿದ್ದಾಗಲೇ ಅವಳಿಗೆ ಗೊತ್ತಾಗಿತ್ತು.

ಇನ್‌ಸ್ಟ್ರುಮೆಂಟ್ ಟೆಕ್ನಿಶಿಯನ್! ಎಂಥ ಟೆಕ್ನಿಶಿಯನ್!

"ಆಗಲೇ ಯಾಕೆ ಹೇಳಲಿಲ್ಲ?"

"ಅಂಗಿಗೆಲ್ಲ ಅಷ್ಟು ಮಣ್ಣು ಹಚ್ಕೊಂಡು ಬಂದಿದ್ರಿ." ನಕ್ಕಳು. ಅದು ಕ್ಷಮೆಯ ನಗುವಲ್ಲ, ಈ ಅಂಕಣಕ್ಕೆ ಬೇಕು ಅಂತ ಅದನ್ನು ಹಾಗೆ ಮಾಡಲಾರೆ. "ಇಷ್ಟು ಕಷ್ಟಪಟ್ಟು ಸುಳ್ಳು ಹೇಳ್ತಿದಾರೆ, ಲೆಟ್ ಇಟ್ ಬಿ ಅನ್ನಿಸ್ತು. ಆ ನೀಲಿ ಶರ್ಟ್."

ಬಿಳಿ ಶರ್ಟು ಅಂತ ನನ್ನ ನೆನಪು. ವಾದ ಮಾಡಲಿಲ್ಲ. ಶರ್ಟಿನ ಬಣ್ಣದ ಬಗ್ಗೆ ವಾದ ಮಾಡುವ ಅರ್ಹತೆ ನನಗಿನ್ನೂ ಇದೆಯೇ?

"ಮತ್ತೆ ನಾನು ಬರೆದದ್ದು?"

"ಅಮ್ಮ ಓದಿ ಹೇಳಿದ್ರು. ನೈಸ್ ಸ್ಟೋರಿ. ಆದ್ರೆ ಒಂದೇ ಗೋಲಿನಿಂದ ಸೋತ್ರು ಅಂತ ಬರೆದಿದ್ರಿ. ಫೈವ್ ನಿಲ್ ಅಪ್ಪಾ. ಐದು ಸೊನ್ನೆ."

ಆ ಒಂದು ಗೋಲು ನಾನೇ ಹಾಕಿದ್ದು. ಕಥೆ ಚೆನ್ನಾಗಿರಲಿ ಅಂತ.

ಫೋನಿನಲ್ಲಿ ಆಟ ಮುಗಿಯುತ್ತಾ ಬಂದಿತ್ತು. ಹೇಗೂ ಐದು ಗೋಲಿಂದ ಸೋತರಲ್ಲ, ನೋಡದೇ ಇದ್ದದ್ದೇ ಒಳ್ಳೆಯದಾಯಿತು ಅನ್ನುವ ಮಾತು ನಾಲಿಗೆ ತುದಿಗೆ ಬಂದಿತ್ತು. ಇದನ್ನು ಬರೆಯಲು ನಾಚಿಕೆ. ಆದರೂ ಬಂದಿತ್ತು. ಅದನ್ನು ನುಂಗಿ ಇನ್ನೊಂದು ಮಾತು ಹೇಳಿದೆ, ಇಷ್ಟು ವರ್ಷ ಹೇಳದೇ ಇದ್ದದ್ದು.

"ಆ ಫಾರ್ಮಿಗೆ ನಾನು ಸಹಿ ಹಾಕಬೇಕಿತ್ತು ಅಕ್ಕೂ. ಹಾಕಿದ್ರೆ ನೀನು ಆಡ್ತಿದ್ದೆ."

ಅವಳು ಚಾಕು ಕೆಳಗಿಟ್ಟಳು. ಒಳಕೋಣೆಯಲ್ಲಿ ಬಟ್ಟೆ ಮಡಚುತ್ತಿದ್ದ ಸರೋಜಳ ಸದ್ದೂ ನಿಂತಿತು.

"ನಾನು ಆಡಿದೆ ಅಪ್ಪಾ."

"ಏನು?"

"ಎರಡು ವರ್ಷ. ಎಯ್ತ್ ಮುಗಿದ್ಮೇಲೆ. ನಿಮ್ಮ ಸೈನ್ ನಾನೇ ಹಾಕಿದೆ. ಡಿಶ್ ಪೇಪರಲ್ಲಿ ಇತ್ತಲ್ಲ, ಅದನ್ನ ನೋಡಿ. ಈಸಿ ಅದು. ಒಂದು ಗೆರೆ, ಕೆಳಗೆ ಎರಡು ಡಾಟ್."

ಮೆಟ್ಟಿಲ ಮೇಲೆ ಹಾಕಿದ್ದ ಆರನೆಯ ಸಹಿ.

"ಸರೋಜಾ!" ಅಂದೆ. ಅವಳು ಒಂದು ಟವೆಲ್ ಹಿಡಿದೇ ಬಾಗಿಲಿಗೆ ಬಂದಳು.

"ನಿನಗ ಗೊತ್ತಿತ್ತಾ?"

"ಗೊತ್ತಿಲ್ದ ಏನು? ನಿಮಗ ಹೇಳಿದ್ರ ನಿಲ್ಲಸ್ತಿದ್ರಿ. ಹೇಳಲಿಲ್ಲ, ನಿಲ್ಲಲಿಲ್ಲ." ಮೂವತ್ತು ವರ್ಷದ ಸಂಸಾರದಲ್ಲಿ ಇಷ್ಟು ಅಚ್ಚುಕಟ್ಟಾದ ವಾಕ್ಯ ಅವಳಿಂದ ಕೇಳಿರಲಿಲ್ಲ.

ಆಮೇಲೆ ಒಂದೊಂದಾಗಿ ಹೊರಬಿತ್ತು. ಅಭ್ಯಾಸ ಶಾಲೆ ಬಿಟ್ಟ ಮೇಲೆ. ನನಗೆ ಹೇಳಿದ್ದು ಎಕ್ಸ್‌ಟ್ರಾ ಕ್ಲಾಸ್. ಪಂದ್ಯಗಳು ಗುರುವಾರ ಬೆಳಿಗ್ಗೆ. ಗುರುವಾರ ಊರಿಗೆಲ್ಲ ರಜೆಯಾದರೂ ಗುತ್ತಿಗೆಯವನಾದ ನನಗೆ ಅರ್ಧ ದಿನದ ಡ್ಯೂಟಿ. ಹಳದಿ ಜೆರ್ಸಿ ಒಗೆದು ಒಣಗಿಸುತ್ತಿದ್ದದ್ದು ಸ್ಟೆಲ್ಲಾ ಅವರ ಬಾಲ್ಕನಿಯಲ್ಲಿ. ಆ ಹಳದಿ ಅಂಗಿ ನನಗೆ ನೆನಪಿದೆ! ಬೆನ್ನ ಮೇಲೆ ಹನ್ನೊಂದು. ಸ್ಟೆಲ್ಲಾ ಅವರ ಮನೆಗೆ ಯಾರೋ ನೆಂಟರು ಬಂದಿರಬೇಕು ಅಂದುಕೊಂಡಿದ್ದೆ. ಎರಡು ವರ್ಷ ಇರುವ ನೆಂಟರು!

(ಅಥವಾ ಈಗ ಹೇಳಿದ್ದಕ್ಕೆ ನೆನಪಾಗುತ್ತಿದೆಯೋ? ಅಂಗಿ ಇರಲಿ ಬಿಡಿ. ನನಗೆ ಬೇಕಿದೆ.)

"ಮೈದಾನಕ್ಕೆ ಹೇಗೆ ಹೋಗ್ತಿದ್ದೆ? ಕಾರಿಲ್ಲದೆ?"

"ಪಾಟೀಲ್ ಅಂಕಲ್."

"ಯಾರು?"

"ಪಾಟೀಲ್ ಅಂಕಲ್ ಡ್ರಾಪ್ ಮಾಡ್ತಿದ್ರು. ಎಸಿ ಹಾಕ್ಕೊಂಡು ಕಾರಲ್ಲೇ ಕೂತು ನೋಡ್ತಿದ್ರು. ಗೋಲಾದ್ರೆ ಹಾರ್ನ್."

ನಾನು ಬೀನ್ಸ್ ಬುಟ್ಟಿ ನೋಡುತ್ತಾ ಕೂತೆ. ಹದಿನೈದು ವರ್ಷದಿಂದ ನನ್ನದೊಂದು ದುಃಖವಿತ್ತು. ಬಾಯಿಬಿಟ್ಟು ಹೇಳದಿದ್ದರೂ ಇತ್ತು. ಮಗಳ ಆಟವನ್ನು ನಾನು ಕೊಂದೆ ಅಂತ. ಈಗ ನೋಡಿದರೆ ಆಟಕ್ಕೆ ಏನೂ ಆಗಿಲ್ಲ. ಆರು ಮನೆ ಸೇರಿ ಅದನ್ನು ಸಾಕಿವೆ. ಆ ದುಃಖವನ್ನೂ ಇಟ್ಟುಕೊಳ್ಳುವ ಹಾಗಿಲ್ಲ. ಅದರ ಜಾಗಕ್ಕೆ ಬಂದದ್ದು ಇನ್ನೂ ಚಿಕ್ಕದು, ಇನ್ನೂ ಚೂಪು: ಎಲ್ಲರೂ ನೋಡಿದರು, ನಾನೊಬ್ಬನೇ ನೋಡಲಿಲ್ಲ. ಕೇಬಲ್ ಕಿತ್ತದ್ದು ಅವಳ ಟಿವಿಯದು ಅಂದುಕೊಂಡಿದ್ದೆ.

ಇಲ್ಲಿ ನನ್ನ ಮಗಳು ಈಗ ಫುಟ್‌ಬಾಲ್ ಕೋಚ್ ಆಗಿದ್ದಾಳೆ ಅಂತ ಬರೆದರೆ ಎಷ್ಟು ಚೆಂದ! ಆಗಿಲ್ಲ. ಅಡಿಗೆಮನೆಯ ಟೈಲ್ಸ್ ಮಾರುವ ಶೋರೂಮಿನಲ್ಲಿ ಸೂಪರ್‌ವೈಸರ್. ಹತ್ತನೇ ಕ್ಲಾಸಿನಲ್ಲಿ ಮಂಡಿ ನೋವಾಯಿತಂತೆ, ಆಟ ಬಿಟ್ಟಳಂತೆ. ಮಂಡಿ ನೋವು ನನಗೂ ನೆನಪಿದೆ. ಮೆಟ್ಟಿಲಲ್ಲಿ ಬಿದ್ದೆ ಅಂದಿದ್ದಳು. ಬ್ಯಾಂಡೇಜು ಸುತ್ತಿದವನು ನಾನೇ. ಮೆಟ್ಟಿಲು ನೋಡಿಕೊಂಡು ಇಳಿಯಬಾರದಾ ಅಂತ ಬೈದವನೂ ನಾನೇ.

"ನೀನು ಹೇಗೆ ಆಡ್ತಿದ್ದೆ?" ಅಂತ ಕೇಳಿದೆ.

"ಓಕೆ ಅಪ್ಪಾ. ನಾಟ್ ಗ್ರೇಟ್." ಅವಳು ಫೋನ್ ಆರಿಸಿ ಒಗ್ಗರಣೆಗೆ ಎಣ್ಣೆ ಇಟ್ಟಳು. ಅಷ್ಟೇ ಉತ್ತರ.

ಭಾನುವಾರ ಬೆಳಗಾವಿಗೆ ಫೋನ್ ಹಚ್ಚಿದೆ. ಪಾಟೀಲರು ರಿಟೈರ್ ಆಗಿ ಆರೇಳು ವರ್ಷ. ಕಿವಿ ಸ್ವಲ್ಪ ಮಂದ, ದನಿ ಹಾಗೇ ಇದೆ. ಅಕ್ಕುವಿನ ಆಟದ ಮಾತು ಎತ್ತಿದೆ.

"ಗೊತ್ತಾತೇನ್ರೀ ಕಡೀಕ?" ಅಂತ ಗೊಳ್ಳನೆ ನಕ್ಕರು. "ನಾ ಅಂದಿದ್ದೆ ನಿಮ್ಮ ಮನ್ಯಾಕಿಗೆ, ಈ ಮನಷ್ಯಾಗ ಹೇಳಬ್ಯಾಡ್ರಿ, ಪೇಪರಿಗೆ ಬರದು ಹಾಕ್ತಾನ ಅಂತ."

"ನೀವೇ ಅಂದಿದ್ರಲ್ಲ, ಬಿಸಿಲಾಗ ಕರ್ರಗ ಆಕ್ಕಾಳ ಅಂತ?"

"ಅಂದಿದ್ದೆ. ಹೌದು. ಬರೇ ಮಾತದು. ಹುಡಿಗಿ ಬಂದು ಅಂಕಲ್ ಗಾಡಿ ಐತಲ್ಲ ಅಂದ್ಳು. ಗಾಡಿ ಇತ್ತು. ನೀವು ಕೇಳಿದ್ರೂ ಹಿಂಗ ಗಾಡಿ ತಗೊಂಡು ಬರ್ತಿದ್ದೆ. ನೀವ ಕೇಳಲಿಲ್ಲ."

"ಪಾಟೀಲರೇ, ಹೆಂಗ ಆಡ್ತಿದ್ಲು?"

ಲೈನಿನಲ್ಲಿ ಯಾವುದೋ ಕುಕ್ಕರಿನ ಸೀಟಿ. ನಾನು ಕಾದೆ.

"ಎಡಗಾಲು ಬಾಳ ಚಲೋ ಇತ್ತು ನೋಡ್ರಿ" ಅಂದರು. "ಎಡಗಡೀ ಮೂಲ್ಯಾಗಿಂದ ಒಮ್ಮೆ ಎಡಗಾಲ್ಲೆ ಹೊಡದಿದ್ಲು. ನಾ ಒತ್ತಿದ ಹಾರ್ನ್ ಮ್ಯಾಲಿಂದ ಕೈ ತಗಿಯೂದ ಮರತಿದ್ದೆ."

ಎಡಗಾಲು. ಬಲಗೈಯಲ್ಲಿ ಬರೆಯುವ, ಬಲಗೈಯಲ್ಲಿ ಈರುಳ್ಳಿ ಹೆಚ್ಚುವ ನನ್ನ ಮಗಳದು ಎಡಗಾಲು ಅಂತ ನನಗೆ ಮೊನ್ನೆ ಭಾನುವಾರ ತಿಳಿಯಿತು. ಯಾವ ಕಥೆಯಲ್ಲೂ ನನಗೆ ಅದನ್ನು ಕಲ್ಪಿಸಿ ಬರೆಯಲು ಸಾಧ್ಯವಿರಲಿಲ್ಲ. ಆದ್ದರಿಂದ ಅದು ನಿಜವಿರಬೇಕು.

ಪಾಟೀಲರಿಗೆ ಅದಕ್ಕಿಂತ ಹೆಚ್ಚು ನೆನಪಿಲ್ಲ. ಸ್ಟೆಲ್ಲಾ ಅವರ ನಂಬರು ಈಗ ನನ್ನಲ್ಲಿಲ್ಲ. ಮಗಳು ಓಕೆ ಅನ್ನುತ್ತಾಳೆ. ಆಗ ಈ ಕಡೆಯ ಇಂಡಿಯನ್ ಶಾಲೆಗಳಲ್ಲಿ ಮಕ್ಕಳನ್ನು ಓದಿಸಿದವರು ನಿಮ್ಮಲ್ಲಿ ಬಹಳ ಜನ ಇದ್ದೀರಿ. ಗುರುವಾರ ಬೆಳಿಗ್ಗೆ ನಿಮ್ಮ ಮಗಳನ್ನು ಮೈದಾನಕ್ಕೆ ಬಿಟ್ಟು ಒಂದರ್ಧ ಗಂಟೆ ನಿಂತು ನೋಡಿದವರೂ ಇರಬಹುದು.

ಹಳದಿ ಜೆರ್ಸಿ, ಬೆನ್ನ ಮೇಲೆ ಹನ್ನೊಂದು, ಎಡಗಾಲು: ಅವಳು ಆಡಿದ್ದನ್ನು ನಿಮ್ಮಲ್ಲಿ ಯಾರಾದರೂ ನೋಡಿದ್ದೀರಾ?